ಹಲ್ಲುಗಳ ಲೆಕ್ಕ: ಸೌರಮಂಡಲದ ಯಂತ್ರಮಾದರಿಯನ್ನು ಕುರಿತು ಒಂದು ವಿಮರ್ಶೆ

1

ನಡುವೆ ಹಿತ್ತಾಳೆಯ ಸೂರ್ಯಗೋಳ. ಅದರ ಸುತ್ತ ಉದ್ದಗಿಡ್ಡ ತೋಳುಗಳ ತುದಿಯಲ್ಲಿ ಬುಧ, ಶುಕ್ರ, ಭೂಮಿ, ಮಂಗಳ ಮೊದಲಾದ ಗ್ರಹಗಳ ಗುಂಡುಗಳು. ಕೆಳಗೆ ಪೀಠದಲ್ಲಿ ಒಂದನ್ನೊಂದು ಕಚ್ಚಿಕೊಂಡಿರುವ ದಂತಚಕ್ರಗಳು. ಪಕ್ಕದಲ್ಲಿ ಒಂದು ಹಿಡಿ. ಹಿಡಿಯನ್ನು ತಿರುಗಿಸಿದರೆ ಗ್ರಹಗಳು ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಸೂರ್ಯನನ್ನು ಸುತ್ತುತ್ತವೆ. ಸೌರಮಂಡಲದ ಈ ಯಂತ್ರಮಾದರಿಗೆ ಇಂಗ್ಲಿಷಿನಲ್ಲಿ 'ಆರೆರಿ' ಎಂಬ ಹೆಸರು ನಿಂತಿದೆ. 18ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಗಡಿಯಾರಗಾರನಾದ ಜಾರ್ಜ್ ಗ್ರಹಾಂ ಇಂಥದೊಂದು ಯಂತ್ರವನ್ನು ರಚಿಸಿದನು. ಅದರಲ್ಲಿ ಇದ್ದುದು ಸೂರ್ಯ, ಭೂಮಿ, ಚಂದ್ರ ಈ ಮೂರೇ. ಅದರ ಮಾದರಿಯಲ್ಲಿ ಜಾನ್ ರೌಲಿ ಎಂಬ ಉಪಕರಣಕಾರನು ಆರೆರಿಯ ನಾಲ್ಕನೆಯ ಅರ್ಲ್ ಚಾರ್ಲ್ಸ್ ಬಾಯ್ಲ್ ಎಂಬ ಶ್ರೀಮಂತನಿಗೆ ಇನ್ನೊಂದನ್ನು ಮಾಡಿಕೊಟ್ಟನು. ಮಾಡಿದವರ ಹೆಸರು ಹಿಂದೆ ಸರಿದು, ಮಾಡಿಸಿಕೊಂಡವನ ಹೆಸರು ಯಂತ್ರಕ್ಕೆ ಅಂಟಿಕೊಂಡಿತು.

ಒಂದು ಕಾಲದಲ್ಲಿ ಶ್ರೀಮಂತರ ಮನೆಗಳಿಗೂ ವಿದ್ಯಾಪೀಠಗಳಿಗೂ ಮೀಸಲಾಗಿದ್ದ ಈ ಯಂತ್ರ ಇಂದು ಬಿಡಿಭಾಗಗಳ ರೂಪದಲ್ಲಿ, ಕಿಟ್ ಎಂಬ ಹೆಸರಿನಲ್ಲಿ, ಅಂಗಡಿಯಲ್ಲಿ ದೊರೆಯುತ್ತದೆ. ಮರದ ಹಲಗೆಯಲ್ಲಿ ಕತ್ತರಿಸಿದವು, ಹಿತ್ತಾಳೆಯವು, ಪ್ಲಾಸ್ಟಿಕ್ಕಿನವು ಹೀಗೆ ಹಲವು ಬಗೆಗಳುಂಟು. ವಾರಕ್ಕೊಂದು ಸಂಚಿಕೆಯೊಡನೆ ಒಂದೆರಡು ಭಾಗಗಳನ್ನು ಕೊಟ್ಟು, ತಿಂಗಳುಗಟ್ಟಲೆ ಕಾಲದಲ್ಲಿ ಇಡೀ ಯಂತ್ರವನ್ನು ಪೂರೈಸುವ ಪದ್ಧತಿಯೂ ವಿದೇಶಗಳಲ್ಲಿ ನಡೆದುಬಂದಿದೆ. ಲೆಗೊ ಕಂಪೆನಿಯು 2024ರಲ್ಲಿ ಹೊರತಂದ ಜೋಡಣೆಯ ಮಾದರಿಯೊಂದರಲ್ಲಿ ಗ್ರಹಾಮನ ಯಂತ್ರದಲ್ಲಿದ್ದಂತೆಯೇ ಮತ್ತೆ ಸೂರ್ಯ, ಭೂಮಿ, ಚಂದ್ರ ಮೂರೇ ಕಾಣಿಸಿಕೊಂಡಿವೆ.

ಇಂಥ ಕಿಟ್ಟನ್ನು ಕಾಲೇಜಿನ ಭೌತಶಾಸ್ತ್ರ ಅಥವಾ ಗಣಿತ ವಿಭಾಗಕ್ಕೆ ತರಿಸಿ ವಿದ್ಯಾರ್ಥಿಗಳ ಕೈಯಲ್ಲಿ ಕಟ್ಟಿಸುವುದು ಯೋಗ್ಯವೇ? ಅದರಿಂದ ಅವರಿಗೆ ದೊರೆಯುವುದು ಜ್ಞಾನವೋ, ಕೇವಲ ಕೈಕೆಲಸದ ಸಂತೋಷವೋ? ಒಂದು ಗ್ರಂಥವನ್ನು ವಿಮರ್ಶಿಸುವಾಗ ಅದು ಏನನ್ನು ಹೇಳುತ್ತದೆ, ಹೇಳಿದುದರಲ್ಲಿ ಯಾವುದು ನಿಜ, ಯಾವುದನ್ನು ಮುಚ್ಚಿಡುತ್ತದೆ ಎಂದು ಕೇಳುವುದು ವಾಡಿಕೆ. ಅದೇ ಪ್ರಶ್ನೆಗಳನ್ನು ಈ ಯಂತ್ರಕ್ಕೂ ಹಾಕಿ ನೋಡಬೇಕೆಂಬುದು ನಮ್ಮ ಉದ್ದೇಶ.

2

ಈ ಯಂತ್ರವನ್ನು ಕುರಿತು ಅತ್ಯಂತ ಕಠಿಣವಾದ ತೀರ್ಪನ್ನು ಕೊಟ್ಟವನು ಸಾಮಾನ್ಯನಲ್ಲ, ಖಗೋಳವಿಜ್ಞಾನಿ ಜಾನ್ ಹರ್ಷೆಲ್. 1833ರಲ್ಲಿ ಪ್ರಕಟವಾದ ತನ್ನ ಖಗೋಳಶಾಸ್ತ್ರ ಗ್ರಂಥದಲ್ಲಿ ಅವನು ಇದನ್ನು ತೀರ ಬಾಲಿಶವಾದ ಆಟಿಕೆಯೆಂದು ತಳ್ಳಿಹಾಕಿದನು. ಗ್ರಹಗಳ ಗಾತ್ರವನ್ನೂ ದೂರವನ್ನೂ ಇಂಥ ಯಂತ್ರದಿಂದ ತಿಳಿಯುವುದು ಆಗದ ಮಾತು ಎಂಬುದು ಅವನ ಆಕ್ಷೇಪ. ಅದಕ್ಕೆ ಬದಲಾಗಿ ಅವನು ಒಂದು ಸಮತಟ್ಟಾದ ಬಯಲನ್ನು ಕಲ್ಪಿಸಿಕೊಳ್ಳಲು ಹೇಳಿದನು. ಎರಡಡಿ ವ್ಯಾಸದ ಗೋಳವೊಂದು ಸೂರ್ಯನಾದರೆ, ಬುಧನು 164 ಅಡಿ ವ್ಯಾಸದ ವೃತ್ತದ ಮೇಲಿನ ಒಂದು ಸಾಸಿವೆಕಾಳು. ಭೂಮಿ 430 ಅಡಿ ವ್ಯಾಸದ ವೃತ್ತದ ಮೇಲಿನ ಒಂದು ಬಟಾಣಿ. ಗುರುವು ಸುಮಾರು ಅರ್ಧ ಮೈಲಿ ವ್ಯಾಸದ ವೃತ್ತದ ಮೇಲಿನ ಒಂದು ಕಿತ್ತಳೆಹಣ್ಣು.

ಹರ್ಷೆಲನ ಆಕ್ಷೇಪವನ್ನು ಅಂಕಿಗಳಿಂದ ಪರೀಕ್ಷಿಸಬಹುದು. ಯಂತ್ರದಲ್ಲಿ ಭೂಮಿಯ ತೋಳು 10 ಸೆಂಟಿಮೀಟರ್ ಉದ್ದವಿದೆಯೆಂದು ಭಾವಿಸೋಣ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಸುಮಾರು 14.96 ಕೋಟಿ ಕಿಲೋಮೀಟರ್. ಆ ಪ್ರಮಾಣದಲ್ಲಿ ಸೂರ್ಯನ ವ್ಯಾಸ ಒಂದು ಮಿಲಿಮೀಟರಿಗಿಂತ ತುಸು ಕಡಮೆ. ಭೂಮಿಯ ವ್ಯಾಸ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಕಡಮೆಯಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಚಂದ್ರನು ಭೂಮಿಯಿಂದ ಕಾಲು ಮಿಲಿಮೀಟರ್ ದೂರದಲ್ಲಿರಬೇಕಾಗುತ್ತದೆ. ಶನಿಯ ತೋಳು ಸುಮಾರು 96 ಸೆಂಟಿಮೀಟರ್, ನೆಪ್ಚೂನಿನ ತೋಳು 3 ಮೀಟರ್ ಆಗಬೇಕು. ಮೇಜಿನ ಮೇಲೆ ನಿಲ್ಲುವ ಯಾವ ಯಂತ್ರವೂ ಈ ಪ್ರಮಾಣವನ್ನು ಪಾಲಿಸಲಾರದು. ಹರ್ಷೆಲನು ಹೇಳಿದುದು ಗಾತ್ರದ ಮಟ್ಟಿಗೆ ಸಂಪೂರ್ಣವಾಗಿ ಸರಿ.

ಆದರೆ ಗಾತ್ರದ ತಪ್ಪಿಗೂ ದೂರದ ತಪ್ಪಿಗೂ ವ್ಯತ್ಯಾಸವುಂಟು. ಗಾತ್ರದ ತಪ್ಪು ಕಣ್ಣಿಗೆ ಹೊಡೆದು ಕಾಣುವಂಥದು. ಗೋಲಿಯಷ್ಟು ದೊಡ್ಡ ಭೂಮಿಯನ್ನು ನೋಡಿ ಅದು ನಿಜವಾದ ಪ್ರಮಾಣವೆಂದು ಯಾರೂ ಮೋಸಹೋಗುವುದಿಲ್ಲ, ಒಂದು ಮಾತಿನಲ್ಲಿ ಅದನ್ನು ತಿದ್ದಬಹುದು. ದೂರದ ತಪ್ಪು ಹಾಗಲ್ಲ. ಅನೇಕ ಮಾದರಿಗಳಲ್ಲಿ ತೋಳುಗಳು ನೋಟದ ಅಂದಕ್ಕಾಗಿ ಸಮಾನಾಂತರದಲ್ಲಿ ಏರುತ್ತ ಹೋಗುತ್ತವೆ: ಬುಧನಿಗೆ ಒಂದು ಪಾಲು, ಶುಕ್ರನಿಗೆ ಎರಡು, ಭೂಮಿಗೆ ಮೂರು, ಮಂಗಳನಿಗೆ ನಾಲ್ಕು, ಗುರುವಿಗೆ ಐದು. ಹೀಗೆ ಮಾಡಿದರೆ ಭೂಮಿಯಿಂದ ನೋಡಿದಾಗ ಆಕಾಶ ಹೇಗೆ ಕಾಣಬೇಕೋ ಹಾಗೆ ಕಾಣುವುದಿಲ್ಲ. ಸೂರ್ಯನಿಂದ ಶುಕ್ರನು ಸರಿಯಬಹುದಾದ ಪರಮಾವಧಿ ಕೋನ ಸುಮಾರು 46 ಡಿಗ್ರಿ. ಈ ಮಾದರಿಯಲ್ಲಿ ಅದು 42 ಡಿಗ್ರಿಗೆ ಇಳಿಯುತ್ತದೆ. ಇದನ್ನು ಹೇಗಾದರೂ ಸಹಿಸಬಹುದು. ಆದರೆ ಭೂಮಿಯ ಚಲನೆಯ ಕಾರಣದಿಂದ ಗುರುವು ತನ್ನ ಸೂರ್ಯಕೇಂದ್ರಿತ ಸ್ಥಾನದಿಂದ ಆಚೀಚೆ ತೂಗುವಂತೆ ಕಾಣುವ ಕೋನ ವಾಸ್ತವವಾಗಿ ಸುಮಾರು 11 ಡಿಗ್ರಿ. ಈ ಮಾದರಿಯಲ್ಲಿ ಅದು 37 ಡಿಗ್ರಿಯಾಗುತ್ತದೆ. ಗ್ರಹಗಳ ವಕ್ರಗತಿಯನ್ನು ವಿವರಿಸುವುದೇ ಸೂರ್ಯಕೇಂದ್ರ ಸಿದ್ಧಾಂತದ ಮುಖ್ಯ ಗೆಲುವು. ಅದನ್ನು ತೋರಿಸಬೇಕಾದ ಯಂತ್ರವೇ ವಕ್ರಗತಿಯ ಪ್ರಮಾಣವನ್ನು ಕೆಡಿಸಿದರೆ ಅದನ್ನು ಅಲಂಕಾರವೆಂದು ಕ್ಷಮಿಸಲಾಗದು.

ಈ ದೋಷಕ್ಕೆ ಪರಿಹಾರವಿಲ್ಲದಿಲ್ಲ. ಒಳಗಿನ ನಾಲ್ಕು ಗ್ರಹಗಳನ್ನು ಮಾತ್ರ ಆಯ್ದುಕೊಂಡರೆ ತೋಳುಗಳು 3.9, 7.2, 10 ಮತ್ತು 15.2 ಸೆಂಟಿಮೀಟರ್ ಆಗುತ್ತವೆ. ಇದು ಯಾವ ಮೇಜಿನ ಮೇಲೂ ಹಿಡಿಸುವಂಥದು. ಎಂಟು ಗ್ರಹಗಳನ್ನು ಸುಳ್ಳು ದೂರಗಳಲ್ಲಿ ತೋರುವ ಯಂತ್ರಕ್ಕಿಂತ ನಾಲ್ಕು ಗ್ರಹಗಳನ್ನು ನಿಜವಾದ ದೂರಗಳಲ್ಲಿ ತೋರುವ ಯಂತ್ರ ಬೋಧನೆಗೆ ಹೆಚ್ಚು ಯೋಗ್ಯವೆಂಬುದು ನಮ್ಮ ಮತ.

3

ಹರ್ಷೆಲನ ಬಯಲಿನಲ್ಲಿ ಗಾತ್ರವೂ ದೂರವೂ ಸರಿಯಾಗಿವೆ. ಆದರೆ ಅಲ್ಲಿ ಕಾಳುಗಳೂ ಹಣ್ಣುಗಳೂ ನಿಂತಲ್ಲೇ ನಿಂತಿರುತ್ತವೆ. ಯಂತ್ರವು ಹೇಳಬಲ್ಲದ್ದು, ಬಯಲು ಹೇಳಲಾರದ್ದು, ಕಾಲದ ಮಾತು. ಒಂದು ಗ್ರಹ ಒಂದು ಸುತ್ತು ಬರುವಷ್ಟರಲ್ಲಿ ಇನ್ನೊಂದು ಎಷ್ಟು ಸುತ್ತು ಬರುತ್ತದೆ ಎಂಬ ಅನುಪಾತವನ್ನು ಅದು ಹೇಳುತ್ತದೆ; ಹಾಗೆ ಹೇಳುವುದು ಚಕ್ರಗಳ ಹಲ್ಲುಗಳ ಮೂಲಕ. 42 ಹಲ್ಲುಗಳ ಚಕ್ರವೊಂದು 79 ಹಲ್ಲುಗಳ ಚಕ್ರವನ್ನು ತಿರುಗಿಸಿದರೆ, ಎರಡನೆಯದು 42 ಸುತ್ತು ಬರುವಷ್ಟರಲ್ಲಿ ಮೊದಲನೆಯದು 79 ಸುತ್ತು ಬಂದಿರಲೇಬೇಕು. ಇದರಲ್ಲಿ ಅಂದಾಜಿಗೆ ಎಡೆಯಿಲ್ಲ. ಹಲ್ಲುಗಳು ಪೂರ್ಣಾಂಕಗಳು, ಅರ್ಧ ಹಲ್ಲು ಎಂಬುದಿಲ್ಲ.

ತೊಡಕು ಬರುವುದು ಇಲ್ಲಿಯೇ. ಗ್ರಹಗಳ ಪರಿಭ್ರಮಣ ಕಾಲಗಳು ಪೂರ್ಣಾಂಕಗಳ ಅನುಪಾತದಲ್ಲಿ ಇರುವುದಿಲ್ಲ. ಭೂಮಿಗೆ 365.256 ದಿನ, ಮಂಗಳನಿಗೆ 686.980 ದಿನ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.88082 ಬರುತ್ತದೆ. ಈ ದಶಮಾಂಶಕ್ಕೆ ಹತ್ತಿರವಾದ, ಕಡೆಯಲು ಸಾಧ್ಯವಾದಷ್ಟು ಚಿಕ್ಕ ಪೂರ್ಣಾಂಕಗಳ ಜೋಡಿಯನ್ನು ಹುಡುಕುವುದೇ ಯಂತ್ರಕಾರನ ಗಣಿತ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ, ಉಳಿದ ಶೇಷದಿಂದ ಚಿಕ್ಕದನ್ನು ಭಾಗಿಸಿ, ಹೀಗೆ ಪರಸ್ಪರ ಭಾಗಿಸುತ್ತ ಹೋದರೆ 1, 1, 7, 2, 1, 1 ಎಂಬ ಭಾಗಲಬ್ಧಗಳು ಸಾಲಾಗಿ ದೊರೆಯುತ್ತವೆ. ಅವುಗಳನ್ನು ಮತ್ತೆ ಕೂಡಿಸಿಕೊಂಡು ಬಂದರೆ 15/8, 32/17, 47/25, 79/42 ಎಂಬ ಅನುಪಾತಗಳು ಒಂದಕ್ಕಿಂತ ಒಂದು ನಿಖರವಾಗಿ ಹೊರಬೀಳುತ್ತವೆ. 15/8ನ್ನು ಆಯ್ದರೆ ಮಂಗಳನ ಒಂದು ಸುತ್ತಿನಲ್ಲಿ ಎರಡು ದಿನಕ್ಕೂ ಮೀರಿದ ತಪ್ಪು. 32/17ರಲ್ಲಿ ಅರ್ಧ ದಿನಕ್ಕಿಂತ ಸ್ವಲ್ಪ ಹೆಚ್ಚು. 47/25ರಲ್ಲಿ ಸುಮಾರು ಏಳು ಗಂಟೆ. 79/42ರಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ಈ ಅಲ್ಪವೆನಿಸುವ ಅಂತರಗಳು ಸುತ್ತು ಸುತ್ತಿಗೂ ಕೂಡುತ್ತ ಹೋಗುತ್ತವೆ. ಮಂಗಳನ ಮೂವತ್ತು ಸುತ್ತುಗಳಲ್ಲಿ, ಎಂದರೆ ಸುಮಾರು 56 ವರ್ಷಗಳಲ್ಲಿ, 15/8ರ ಯಂತ್ರವು ಮಂಗಳನನ್ನು 33 ಡಿಗ್ರಿಯಷ್ಟು, ಒಂದು ರಾಶಿಗೂ ಮಿಗಿಲಾಗಿ, ತಪ್ಪು ಸ್ಥಳದಲ್ಲಿ ನಿಲ್ಲಿಸುತ್ತದೆ. 79/42ರ ಯಂತ್ರದ ತಪ್ಪು ಅಷ್ಟೇ ಕಾಲದಲ್ಲಿ ಒಂದು ಡಿಗ್ರಿಯನ್ನೂ ಮುಟ್ಟುವುದಿಲ್ಲ.

ಯಂತ್ರರಚನೆಗೆ ಈ ವಿಧಾನವನ್ನು ಯೂರೋಪಿನಲ್ಲಿ ವ್ಯವಸ್ಥಿತವಾಗಿ ಬಳಸಿದವನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್. 1682ರಲ್ಲಿ ಯೊಹಾನೆಸ್ ವಾನ್ ಕ್ಯೂಲೆನ್ ಎಂಬ ಗಡಿಯಾರಗಾರನು ಅವನಿಗಾಗಿ ಕಟ್ಟಿಕೊಟ್ಟ ಗ್ರಹಯಂತ್ರದಲ್ಲಿ ಶನಿಯದೇ ದೊಡ್ಡ ಸಮಸ್ಯೆಯಾಗಿತ್ತು. ಆ ಕಾಲದ ಅಂಕಿಗಳ ಪ್ರಕಾರ ಭೂಮಿಯ ಮತ್ತು ಶನಿಯ ವಾರ್ಷಿಕ ಚಲನೆಗಳ ಅನುಪಾತ 7,77,08,431ಕ್ಕೆ 26,40,858. ಇಷ್ಟು ಹಲ್ಲುಗಳ ಚಕ್ರವನ್ನು ಯಾರೂ ಕಡೆಯಲಾರರು. ಹೈಗೆನ್ಸನು ಪರಸ್ಪರ ಭಾಗಹಾರದಿಂದ ಅದನ್ನು 206ಕ್ಕೆ 7 ಎಂಬ ಅನುಪಾತಕ್ಕೆ ಇಳಿಸಿದನು. ಎಂಟು ಅಂಕಿಗಳ ಸಂಖ್ಯೆಯ ಸಾರವನ್ನು ಏಳು ಹಲ್ಲುಗಳ ಒಂದು ಚಕ್ರವೂ 206 ಹಲ್ಲುಗಳ ಇನ್ನೊಂದು ಚಕ್ರವೂ ಹೊತ್ತುಕೊಂಡವು.

ಈ ಗಣಿತ ನಮ್ಮ ದೇಶದ ವಿದ್ಯಾರ್ಥಿಗೆ ಅಪರಿಚಿತವಾಗಿರಬೇಕಾದುದಲ್ಲ. ಕ್ರಿ.ಶ. 499ರ ಕಾಲದ ಆರ್ಯಭಟನು ಗ್ರಹಗಳ ಚಲನೆಯನ್ನು ಹೇಳುವುದೇ ಪೂರ್ಣಾಂಕಗಳಲ್ಲಿ. 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಮಂಗಳನ ಭಗಣಗಳು, ಎಂದರೆ ಪೂರ್ಣ ಸುತ್ತುಗಳು, 22,96,824. ಈ ಎರಡು ಸಂಖ್ಯೆಗಳನ್ನೂ 24ರಿಂದ ಭಾಗಿಸಿದರೆ 1,80,000 ಮತ್ತು 95,701 ಉಳಿಯುತ್ತವೆ. ಇವನ್ನು ಪರಸ್ಪರ ಭಾಗಿಸಿದರೆ ಬರುವ ಮೊದಲ ಆರು ಭಾಗಲಬ್ಧಗಳು ಮತ್ತೆ 1, 1, 7, 2, 1, 1. ಅಂದರೆ ಇಂದಿನ ಅಂಕಿಗಳಿಂದ ದೊರೆತ 79/42 ಎಂಬ ಚಕ್ರಗಳ ಜೋಡಿಯೇ ಆರ್ಯಭಟನ ಅಂಕಿಗಳಿಂದಲೂ ದೊರೆಯುತ್ತದೆ. ಪರಸ್ಪರ ಭಾಗಹಾರವಾದರೋ ಆರ್ಯಭಟನೇ ಹೇಳಿರುವ ಕುಟ್ಟಕದ ಮೊದಲ ಹೆಜ್ಜೆ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆದ ಸಾಲಿಗೆ ಪರಂಪರೆಯಲ್ಲಿ 'ವಲ್ಲಿ' ಎಂದು ಹೆಸರು. ಕೇರಳದ ಪುದುಮನ ಸೋಮಯಾಜಿಯ 'ಕರಣಪದ್ಧತಿ'ಯಲ್ಲಿ ದೊಡ್ಡ ಗುಣಕಾರ ಹಾರಕಗಳನ್ನು ಲೆಕ್ಕಕ್ಕೆ ಅನುಕೂಲವಾದ ಚಿಕ್ಕ ಸಂಖ್ಯೆಗಳಿಗೆ ಇಳಿಸಲು ಇದೇ ವಲ್ಲಿಯನ್ನು ಬಳಸಲಾಗಿದೆ. ಹಾಗೆಂದಮಾತ್ರಕ್ಕೆ ನಮ್ಮ ಜ್ಯೋತಿಷಿಗಳು ಹಿತ್ತಾಳೆಯ ಗ್ರಹಯಂತ್ರಗಳನ್ನು ಕಟ್ಟಿದರೆಂದು ಹೇಳಿಕೊಳ್ಳುವುದು ಸಲ್ಲದು. ಅವರ ಉದ್ದೇಶ ಪಂಚಾಂಗದ ಗಣಿತ. ಹೈಗೆನ್ಸನ ಉದ್ದೇಶ ಯಂತ್ರ. ಆದರೆ ಎರಡೂ ಕಡೆ ಎದುರಾದ ತೊಡಕು ಒಂದೇ, ಅದನ್ನು ಬಿಡಿಸಿದ ದಾರಿಯೂ ಒಂದೇ. ಕುಟ್ಟಕವನ್ನು ಓದಿದ ವಿದ್ಯಾರ್ಥಿಯು ಅದರ ಪ್ರಯೋಜನವನ್ನು ಕಣ್ಣಾರೆ ಕಾಣಲು ಈ ಯಂತ್ರಕ್ಕಿಂತ ಸುಲಭವಾದ ಉದಾಹರಣೆ ಸಿಗುವುದು ಕಷ್ಟ.

4

ಯಂತ್ರದ ಸತ್ಯವೆಲ್ಲ ಹಲ್ಲುಗಳ ಸಂಖ್ಯೆಯಲ್ಲಿ ಅಡಗಿದೆಯೆಂಬುದು ಸ್ಪಷ್ಟವಾದ ಮೇಲೆ, ಕಿಟ್ಟಿನ ಗುಣದೋಷಗಳನ್ನು ನಿರ್ಣಯಿಸುವುದು ಸುಲಭ. ಇಲ್ಲಿ ಜೇಮ್ಸ್ ಫರ್ಗುಸನ್ ಎಂಬುವನ ಜೀವನದ ಒಂದು ಪ್ರಸಂಗ ನೆನೆಯತಕ್ಕದ್ದು. ಸ್ಕಾಟ್ಲೆಂಡಿನಲ್ಲಿ 1710ರಲ್ಲಿ ಹುಟ್ಟಿದ ಈತ ಬಾಲ್ಯದಲ್ಲಿ ಕುರಿ ಕಾಯುತ್ತ, ದಾರಕ್ಕೆ ಪೋಣಿಸಿದ ಮಣಿಗಳನ್ನು ಕಣ್ಣೆದುರು ಚಾಚಿ ಹಿಡಿದು ನಕ್ಷತ್ರಗಳ ಅಂತರವನ್ನು ಗುರುತಿಸಿಕೊಳ್ಳುತ್ತಿದ್ದವನು. ಮುಂದೆ ಎಡಿನ್‌ಬರೋದಲ್ಲಿ ಗಣಿತದ ಪ್ರಾಧ್ಯಾಪಕ ಕಾಲಿನ್ ಮೆಕ್ಲಾರಿನ್ನನ ಬಳಿ ಒಂದು ಆರೆರಿಯನ್ನು ಕಂಡನು. ಚಕ್ರಗಳಿರುವ ಹಿತ್ತಾಳೆಯ ಪೆಟ್ಟಿಗೆಯ ಒಳಗನ್ನು ನೋಡಬೇಕೆಂದು ಅವನಿಗೆ ಬಹಳ ಆಸೆ. ಆದರೆ ಪ್ರಾಧ್ಯಾಪಕನೂ ಅದನ್ನು ಎಂದೂ ತೆರೆದು ನೋಡಿರಲಿಲ್ಲ. ಫರ್ಗುಸನ್ನನು ಮನೆಗೆ ಹೋಗಿ ತಾನೇ ಲೆಕ್ಕ ಹಾಕಿ, ಚಕ್ರಗಳ ಯೋಜನೆಯನ್ನು ಕಂಡುಕೊಂಡು, ಮರದ ಚಕ್ರಗಳಿಂದ ತನ್ನದೇ ಯಂತ್ರವನ್ನು ಕಟ್ಟಿದನು. ಮೆಕ್ಲಾರಿನ್ನನು ಅದನ್ನು ಮೆಚ್ಚಿ, ತನ್ನ ವಿದ್ಯಾರ್ಥಿಗಳ ಮುಂದೆ ಅದನ್ನು ಕುರಿತು ಉಪನ್ಯಾಸ ಮಾಡಿಸಿದನು.

ನೆದರ್ಲೆಂಡ್ಸಿನ ಫ್ರಾನೆಕರ್ ಪಟ್ಟಣದ ಐಸೆ ಐಸಿಂಗನು ಇದೇ ಜಾತಿಯವನು. ವೃತ್ತಿಯಿಂದ ಉಣ್ಣೆ ಬಾಚುವವನಾದ ಆತ 1774ರಿಂದ 1781ರವರೆಗೆ ದುಡಿದು ತನ್ನ ವಾಸದ ಕೋಣೆಯ ಮಾಳಿಗೆಯಲ್ಲಿಯೇ ಗ್ರಹಯಂತ್ರವನ್ನು ಅಳವಡಿಸಿದನು. ಅದರ ಚಕ್ರಗಳು ಮರದವು. ಹಲ್ಲುಗಳಾಗಿರುವುದು ಕೈಯಿಂದ ಮಾಡಿದ ಕಬ್ಬಿಣದ ಮೊಳೆಗಳು. ಕಕ್ಷೆಗಳಿಗೆ ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮಿಲಿಮೀಟರ್ ಎಂಬ ಪ್ರಮಾಣ. ತಿರುಗಿಸಲು ಹಿಡಿಯಿಲ್ಲ, ಲೋಲಕದ ಗಡಿಯಾರ ಅದನ್ನು ನಡೆಸುತ್ತದೆ, ಶನಿಯು ಒಂದು ಸುತ್ತು ಮುಗಿಸಲು ಇಪ್ಪತ್ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಇದಕ್ಕೆ 2023ರಲ್ಲಿ ವಿಶ್ವಪರಂಪರೆಯ ತಾಣವೆಂಬ ಮನ್ನಣೆ ದೊರೆಯಿತು. ನೋಡುವವರು ಅಟ್ಟಕ್ಕೆ ಹತ್ತಿದರೆ ಚಕ್ರಗಳನ್ನೂ ಕಾಣಬಹುದು, ಏನೂ ಮುಚ್ಚಿಲ್ಲ.

ಇವರೊಡನೆ ಇಂದಿನ ಕಿಟ್ಟನ್ನು ಹೋಲಿಸಿದರೆ ಒಂದು ವಿರೋಧಾಭಾಸ ಕಾಣುತ್ತದೆ. ಫರ್ಗುಸನ್ನನಿಗೆ ಪೆಟ್ಟಿಗೆ ಮುಚ್ಚಿತ್ತು, ಆದರೆ ಲೆಕ್ಕ ಅವನದಾಯಿತು. ಕಿಟ್ಟನ್ನು ಕೊಂಡವನಿಗೆ ಚಕ್ರಗಳೆಲ್ಲ ಅಂಗೈಯಲ್ಲೇ ಇರುತ್ತವೆ, ಆದರೆ ಲೆಕ್ಕ ದೊರೆಯುವುದಿಲ್ಲ. ನಾವು ನೋಡಿದ ಕೆಲವು ಕಿಟ್ಟುಗಳ ಸೂಚನಾಪುಸ್ತಕಗಳು ಇಂಥ ಸಂಖ್ಯೆಯ ಚಕ್ರವನ್ನು ಇಂಥ ಸಂಖ್ಯೆಯ ಕೊಳವೆಗೆ ತೊಡಿಸಿ, ತಿರುಪನ್ನು ಬಿಗಿಮಾಡಿ ಎಂಬ ಆಜ್ಞೆಗಳ ಸಾಲಾಗಿದ್ದವು. ಆ ಸಂಖ್ಯೆ ಭಾಗದ ಗುರುತೇ ಹೊರತು ಹಲ್ಲುಗಳ ಎಣಿಕೆಯಲ್ಲ. ಚಕ್ರಕ್ಕೆ ಎಷ್ಟು ಹಲ್ಲು, ಅಷ್ಟೇ ಏಕೆ ಎಂಬುದಕ್ಕೆ ಒಂದು ವಾಕ್ಯವೂ ಇರಲಿಲ್ಲ. ಹೀಗೆ ಕಟ್ಟಿದವನು ಕೆಲಸ ಮುಗಿಸಿದ ದಿನ, ಕಟ್ಟಿದ ಯಂತ್ರವನ್ನು ಅಂಗಡಿಯಿಂದ ಕೊಂಡುತಂದವನಿಗಿಂತ ಹೆಚ್ಚಾಗಿ ಏನನ್ನು ತಿಳಿದಿರುತ್ತಾನೆ?

ಎಣಿಕೆಯನ್ನು ಮುಚ್ಚಿಟ್ಟಾಗ ತಪ್ಪೂ ಮುಚ್ಚಿಹೋಗುತ್ತದೆ. ಇದಕ್ಕೊಂದು ನಿದರ್ಶನ ಕೊಡಬಹುದು. ಸರಳವಾದ ಯಂತ್ರದಲ್ಲಿ ಎರಡು ಅಚ್ಚುಗಳಿರುತ್ತವೆ. ಒಂದರ ಮೇಲೆ ನಡೆಸುವ ಚಕ್ರಗಳು ಒಂದರ ಮೇಲೊಂದು ನಿಂತಿರುತ್ತವೆ. ಇನ್ನೊಂದರ ಸುತ್ತ, ಒಂದರೊಳಗೊಂದು ಕೂಡುವ ಕೊಳವೆಗಳ ಮೇಲೆ, ಗ್ರಹಗಳ ಚಕ್ರಗಳಿರುತ್ತವೆ. ಅಚ್ಚುಗಳ ನಡುವಣ ಅಂತರ ಎಲ್ಲ ಜೋಡಿಗಳಿಗೂ ಒಂದೇ. ಆದುದರಿಂದ ಹಲ್ಲುಗಳ ಗಾತ್ರ ಒಂದೇ ಆಗಿದ್ದರೆ ಪ್ರತಿಯೊಂದು ಜೋಡಿಯ ಹಲ್ಲುಗಳ ಮೊತ್ತವೂ ಒಂದೇ ಆಗಿರಬೇಕು. ಶುಕ್ರನಿಗೆ ಸೊಗಸಾದ ಅನುಪಾತ 13ಕ್ಕೆ 8. ಎಂಟು ವರ್ಷಗಳಲ್ಲಿ ಶುಕ್ರನು ಹೆಚ್ಚುಕಡಮೆ ಹದಿಮೂರು ಸುತ್ತು ಬರುತ್ತಾನೆ, ಆದುದರಿಂದಲೇ ಅವನ ಕಾಣ್ಕೆಗಳು ಎಂಟು ವರ್ಷಕ್ಕೊಮ್ಮೆ ಅದೇ ಋತುವಿನಲ್ಲಿ ಮರಳುತ್ತವೆ. ಇದನ್ನು 78 ಮತ್ತು 48 ಹಲ್ಲುಗಳ ಚಕ್ರಗಳಿಂದ ಸಾಧಿಸಿದರೆ ಮೊತ್ತ 126. ಮಂಗಳನ 79 ಮತ್ತು 42ರ ಮೊತ್ತವೋ 121. ಇವೆರಡೂ ಒಂದೇ ಅಂತರದಲ್ಲಿ ಕೂಡವು. ಮಂಗಳನನ್ನೂ 126ಕ್ಕೆ ಒಗ್ಗಿಸಬೇಕೆಂದು 82 ಮತ್ತು 44 ಹಲ್ಲುಗಳನ್ನು ಕೊಟ್ಟರೆ ಮಂಗಳನ ಒಂದು ಸುತ್ತಿನಲ್ಲಿ ಆರು ದಿನಕ್ಕೂ ಮೀರಿದ ತಪ್ಪು ಬರುತ್ತದೆ. ಅದಕ್ಕೆ ಬದಲು ಶುಕ್ರನನ್ನೇ 121ಕ್ಕೆ ಒಗ್ಗಿಸಿ 75 ಮತ್ತು 46 ಹಲ್ಲುಗಳನ್ನು ಕೊಟ್ಟರೆ ಅವನ ಸುತ್ತಿನಲ್ಲಿ ಸುಮಾರು ಹದಿನಾರು ಗಂಟೆಗಳ ತಪ್ಪು ಬರುತ್ತದೆ, ಮಂಗಳನು ಸರಿಯಾಗಿಯೇ ಉಳಿಯುತ್ತಾನೆ. ಎರಡೂ ಬೇಡವೆಂದರೆ ಹಲ್ಲಿನ ಗಾತ್ರವನ್ನು ಜೋಡಿಯಿಂದ ಜೋಡಿಗೆ ಬದಲಿಸಬೇಕು, ಇಲ್ಲವೆ ಹೆಚ್ಚಿನ ಚಕ್ರಗಳನ್ನು ತರಬೇಕು. ನಡುವೆ ಒಂಟಿ ಚಕ್ರವೊಂದನ್ನು ತಂದರೆ ಆ ಗ್ರಹದ ದಿಕ್ಕೇ ತಿರುಗಿ, ಅದು ಉಳಿದವುಗಳಿಗೆ ವಿರುದ್ಧವಾಗಿ ಸುತ್ತುತ್ತದೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವ ತಪ್ಪನ್ನು ಸಹಿಸಬೇಕು ಎಂಬ ನಿರ್ಣಯದಲ್ಲಿಯೇ ಯಂತ್ರದ ವಿದ್ಯೆಯೆಲ್ಲ ಇರುವುದು. ಕಿಟ್ಟನ್ನು ರಚಿಸಿದವನು ಆ ನಿರ್ಣಯವನ್ನು ಮಾಡಿರುತ್ತಾನೆ, ಮಾಡಲೇಬೇಕು. ಅದನ್ನು ಕೊಂಡವನಿಗೆ ಹೇಳದೆ ಬಿಡುವುದೇ ನಮ್ಮ ದೃಷ್ಟಿಯಲ್ಲಿ ಕಿಟ್ಟಿನ ಮುಖ್ಯ ದೋಷ. ಬಿಡಿಭಾಗಗಳನ್ನು ಮಾರುವ ಪದ್ಧತಿಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ವಿಲಿಯಂ ಜೋನ್ಸ್ ಎಂಬ ಉಪಕರಣಕಾರನು ಭಾಗಗಳನ್ನು ಬದಲಾಯಿಸಿ ತೊಡಿಸಬಹುದಾದ ಸಣ್ಣ ಆರೆರಿಯನ್ನು ಮಾರಿದನು. ಅದರೊಡನೆ ಅದರ ವಿವರಣೆಯನ್ನೂ ಉಪಯೋಗವನ್ನೂ ಹೇಳುವ ಪುಸ್ತಕವನ್ನು ಪ್ರಕಟಿಸಿದನು. ಅಗ್ಗದ ವಸ್ತುವಿನೊಡನೆ ಒಳ್ಳೆಯ ವಿವರಣೆ ಬರಬಾರದೆಂಬ ನಿಯಮವೇನಿಲ್ಲ.

5

ಇಷ್ಟು ಹೇಳಿದ ಮೇಲೆ ಒಂದು ಗಂಭೀರವಾದ ಪೂರ್ವಪಕ್ಷಕ್ಕೆ ಉತ್ತರ ಕೊಡಬೇಕಾಗುತ್ತದೆ. ಮಂಗಳನ ಕಕ್ಷೆ ವೃತ್ತವಲ್ಲ, ದೀರ್ಘವೃತ್ತ; ಅವನ ವೇಗವೂ ಸಮವಲ್ಲ. ಸಮವೇಗದಿಂದ ವೃತ್ತದಲ್ಲಿ ತಿರುಗುವ ಯಂತ್ರದ ಮಂಗಳನು ನಿಜವಾದ ಮಂಗಳನಿಂದ ಕೆಲವೊಮ್ಮೆ ಹತ್ತು ಡಿಗ್ರಿಗೂ ಮೀರಿ ದೂರವಿರುತ್ತಾನೆ. ಹೀಗಿರುವಾಗ ಒಂದೆರಡು ದಿನದ ತಪ್ಪಿಗಾಗಿ 15/8ನ್ನು ಬಿಟ್ಟು 79/42ನ್ನು ಹುಡುಕುವ ಶ್ರಮ ವ್ಯರ್ಥವಲ್ಲವೆ?

ವ್ಯರ್ಥವಲ್ಲ. ದೀರ್ಘವೃತ್ತದಿಂದ ಬರುವ ಅಂತರವು ಪ್ರತಿ ಸುತ್ತಿನಲ್ಲಿಯೂ ಏರಿ, ಇಳಿದು, ಮತ್ತೆ ಸೊನ್ನೆಗೆ ಬರುತ್ತದೆ. ಹಲ್ಲುಗಳ ತಪ್ಪು ಎಂದಿಗೂ ಹಿಂದಿರುಗದೆ ಕೂಡುತ್ತಲೇ ಹೋಗುತ್ತದೆ. ನಮ್ಮ ಸಿದ್ಧಾಂತಗ್ರಂಥಗಳ ಪರಿಭಾಷೆಯಲ್ಲಿ ಹೇಳುವುದಾದರೆ, ಯಂತ್ರವು ತೋರುವುದು ಮಧ್ಯಗ್ರಹವನ್ನು. ಆಕಾಶದಲ್ಲಿ ಕಾಣುವುದು ಸ್ಫುಟಗ್ರಹ. ಭಗಣಗಳಿಂದ ಮೊದಲು ಮಧ್ಯಗ್ರಹವನ್ನು ಪಡೆದು, ಆಮೇಲೆ ಮಂದಫಲಾದಿ ಸಂಸ್ಕಾರಗಳಿಂದ ಸ್ಫುಟಗ್ರಹವನ್ನು ಪಡೆಯುವುದು ಗಣಿತದ ಕ್ರಮ. ಮಧ್ಯಗ್ರಹವೇ ತಪ್ಪಾದರೆ ಯಾವ ಸಂಸ್ಕಾರವೂ ಅದನ್ನು ಉಳಿಸದು. ಯಂತ್ರವು ಮೊದಲ ಹೆಜ್ಜೆಯನ್ನು ಮಾತ್ರ ಇಡುತ್ತದೆಂದು ವಿದ್ಯಾರ್ಥಿಗೆ ತಿಳಿಸಿ ಹೇಳಿದರೆ ಅವನಿಗೆ ಮೋಸವಾಗುವುದಿಲ್ಲ. ಎರಡನೆಯ ಹೆಜ್ಜೆ ಯಂತ್ರಕ್ಕೆ ಅಸಾಧ್ಯವೂ ಅಲ್ಲ. 1901ರಲ್ಲಿ ಗ್ರೀಸಿನ ಆಂಟಿಕಿತೆರಾ ದ್ವೀಪದ ಬಳಿ ಸಮುದ್ರದಿಂದ ಮೇಲೆತ್ತಿದ, ಕ್ರಿಸ್ತಪೂರ್ವ ಕಾಲದ ಕಂಚಿನ ಯಂತ್ರದಲ್ಲಿ ಮೂವತ್ತು ಚಕ್ರಗಳು ಉಳಿದುಬಂದಿವೆ. ಅದರಲ್ಲಿ ಒಂದು ಚಕ್ರದ ಮುಳ್ಳು ಇನ್ನೊಂದರ ಸೀಳಿನಲ್ಲಿ ಜಾರುವಂತೆ ಮಾಡಿ, ಚಂದ್ರನ ಏರಿಳಿಯುವ ವೇಗವನ್ನೇ ತೋರಿಸಿದ್ದಾರೆ.

ಯಂತ್ರದ ಇನ್ನೊಂದು ಮೌನ ಇದಕ್ಕಿಂತ ಆಳವಾದುದು. ಗ್ರಹಗಳು ಏಕೆ ಸುತ್ತುತ್ತವೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ತೋಳುಗಳೆಲ್ಲ ನಡುವಣ ಕೊಳವೆಗಳಿಂದ ಹೊರಡುವುದನ್ನು ನೋಡಿದ ವಿದ್ಯಾರ್ಥಿ, ಸೂರ್ಯನೇ ತಿರುಗುತ್ತ ಗ್ರಹಗಳನ್ನು ಎಳೆದೊಯ್ಯುತ್ತಾನೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಗುರುತ್ವಾಕರ್ಷಣೆಯನ್ನು ದಂತಚಕ್ರಗಳಿಂದ ಕಲಿಸಲಾಗದು. ಆದರೆ ಅದರ ಬಾಗಿಲವರೆಗೆ ಕರೆದೊಯ್ಯಬಹುದು. ತೋಳುಗಳು ಪ್ರಮಾಣಬದ್ಧವಾಗಿದ್ದರೆ ಮಂಗಳನ ತೋಳು ಭೂಮಿಯದರ 1.524ರಷ್ಟು, ಅದರ ಘನ 3.54. ಹಲ್ಲುಗಳಿಂದ ತಿಳಿಯುವ ಮಂಗಳನ ಕಾಲ 1.881 ವರ್ಷ, ಅದರ ವರ್ಗವೂ 3.54. ಕೆಪ್ಲರನ ಮೂರನೆಯ ನಿಯಮವನ್ನು ಹೀಗೆ ಅಳತೆಪಟ್ಟಿಯಿಂದಲೂ ಎಣಿಕೆಯಿಂದಲೂ ಮೇಜಿನ ಮೇಲೆಯೇ ಕಾಣಬಹುದು. ಸಮಾನಾಂತರದ ತೋಳುಗಳ ಮಾದರಿಯಲ್ಲಾದರೋ ಮಂಗಳನ ತೋಳು 4/3; ಅದರ ಘನ 2.37. ನಿಯಮ ಮುರಿದುಬೀಳುತ್ತದೆ. ಅಂದಕ್ಕಾಗಿ ತೋಳುಗಳನ್ನು ಬದಲಿಸಿದವನು ತನಗರಿವಿಲ್ಲದೆ ಕೆಪ್ಲರನನ್ನು ಯಂತ್ರದಿಂದ ಹೊರಗೆ ಹಾಕಿರುತ್ತಾನೆ.

6

ಹರ್ಷೆಲನ ತೀರ್ಪು ಅರ್ಧಸತ್ಯವೆಂದು ನಮ್ಮ ನಿರ್ಣಯ. ಆಕಾಶದ ವಿಸ್ತಾರವನ್ನು ತಿಳಿಯಲು ಅವನ ಬಯಲೇ ಸರಿ. ಕಾಲೇಜಿನ ಆಟದ ಮೈದಾನದಲ್ಲಿ ಒಂದು ಬಟಾಣಿಯನ್ನೂ ಎರಡಡಿ ಅಗಲದ ಗೋಳವನ್ನೂ ಇಟ್ಟು ಅವುಗಳ ನಡುವೆ ನಡೆದ ವಿದ್ಯಾರ್ಥಿಗೆ ಆ ಪಾಠ ಮರೆಯದು. ಆದರೆ ಗ್ರಹಗಳ ಕಾಲಗಳ ಸಂಬಂಧವನ್ನು ತಿಳಿಯಲು ಬಯಲು ಸಾಲದು. ಅಲ್ಲಿ ಯಂತ್ರ ಬೇಕು. ಎರಡನ್ನೂ ಬಳಸುವ ಉಪಾಧ್ಯಾಯನು ಯಾವುದರಿಂದಲೂ ಅದು ಕೊಡಲಾರದುದನ್ನು ಕೇಳುವುದಿಲ್ಲ.

ಕಿಟ್ಟನ್ನು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಪ್ರತಿಯೊಂದು ಚಕ್ರದ ಹಲ್ಲುಗಳ ಸಂಖ್ಯೆಯನ್ನು ಪುಸ್ತಕ ಹೇಳುತ್ತದೆಯೆ? ಆ ಸಂಖ್ಯೆಯಿಂದ ಉಂಟಾಗುವ ತಪ್ಪನ್ನು ಒಪ್ಪಿ ತಿಳಿಸುತ್ತದೆಯೆ? ಒಳಗಿನ ಗ್ರಹಗಳ ತೋಳುಗಳಾದರೂ ಪ್ರಮಾಣಬದ್ಧವೆ? ಕಟ್ಟಿ ಮುಗಿದ ಮೇಲೆ ಚಕ್ರಗಳು ಕಣ್ಣಿಗೆ ಕಾಣುತ್ತವೆಯೆ? ಇವುಗಳಿಗೆ ಇಲ್ಲವೆಂಬ ಉತ್ತರ ಬಂದರೆ, ಹಿತ್ತಾಳೆ ಎಷ್ಟೇ ಹೊಳೆಯುತ್ತಿದ್ದರೂ, ಅದು ಹರ್ಷೆಲನ ನಿಂದೆಗೆ ಅರ್ಹವಾದ ಆಟಿಕೆ. ಆದರೂ ಅಂಥ ಕಿಟ್ಟು ಈಗಾಗಲೇ ವಿಭಾಗದ ಬೀರುವಿನಲ್ಲಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಪುಸ್ತಕ ಹೇಳದುದನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ. ಜೋಡಿಸುವ ಮೊದಲು ಚಕ್ರಗಳನ್ನು ಮೇಜಿನ ಮೇಲೆ ಹರಡಿ ಹಲ್ಲುಗಳನ್ನು ಎಣಿಸಲಿ. ಅನುಪಾತಗಳನ್ನು ಬರೆದು, ಪರಸ್ಪರ ಭಾಗಹಾರದಿಂದ ಬರುವ ಉತ್ತಮ ಅನುಪಾತಗಳೊಡನೆ ಹೋಲಿಸಲಿ. ಯಾವ ಗ್ರಹವನ್ನು ಉಳಿಸಲು ಯಾವ ಗ್ರಹವನ್ನು ಬಲಿಕೊಡಲಾಗಿದೆಯೆಂದು ನಿರ್ಣಯಿಸಲಿ. ಹತ್ತು ವರ್ಷಗಳಲ್ಲಿ ಮಂಗಳನು ಎಷ್ಟು ಡಿಗ್ರಿ ತಪ್ಪುತ್ತಾನೆಂದು ಮುಂಗಡವಾಗಿ ಹೇಳಲಿ. ಈ ಕೆಲಸಕ್ಕೆ ಬೇಕಾದುದು ಒಂದು ಕಾಗದ, ಒಂದು ಸೀಸದಕಡ್ಡಿ, ಪ್ರೌಢಶಾಲೆಯ ಭಾಗಹಾರ. ಇದು ಮುಗಿದ ಮೇಲೆ ತಿರುಪುಗಳನ್ನು ಬಿಗಿಮಾಡಲು ಅರ್ಧ ದಿನ ಸಾಕು.